ಕೈಗೆ ಕೆಲಸ ಕೊಟ್ಟು ನೋಡಿ

ಕಾರು ಕಂಪನಿಯ ಸಂದರ್ಶನ ಎಂದೊಡನೆ ಐಟಿಐ, ಡಿಪ್ಲೊಮಾ ಮುಗಿಸಿದವರ ಎದೆ ಢವಗುಟ್ಟುವುದು ಎಂಜಿನ್ ಕುರಿತ ಪ್ರಶ್ನೆಗಳಿಗಲ್ಲ, ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ಗೆ. ಉರುಹೊಡೆದ ಇಂಗ್ಲಿಷ್ ಉತ್ತರವನ್ನು ಒಪ್ಪಿಸಿದವರು ಅಲ್ಲಿ ಗೆಲ್ಲಬಹುದು. ವರ್ನಿಯರ್ ಕ್ಯಾಲಿಪರ್ ಹಿಡಿದು 0.02 ಮಿಲಿಮೀಟರ್ ವ್ಯತ್ಯಾಸವನ್ನು ಸಲೀಸಾಗಿ ಓದಬಲ್ಲವರು ತಡವರಿಸಿ ಎದ್ದುಬರಬಹುದು. ಶಾಪ್ ಫ್ಲೋರಿನ ಕೆಲಸಕ್ಕೆ ಜನರನ್ನು ಆರಿಸುವಾಗ ಮಾತಿನ ಸುತ್ತನ್ನು ಮೊಟಕು ಮಾಡಿ, ಕೈಗೆ ಕೆಲಸ ಕೊಟ್ಟು ನೋಡಬೇಕು.

ಇದಕ್ಕೆ ಆಧಾರವಿದೆ. ನೇಮಕಾತಿ ಕುರಿತ ದಶಕಗಳ ಅಧ್ಯಯನಗಳನ್ನು ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಮತ್ತೆ ತೂಗಿ ನೋಡಿದರು. ಸಂದರ್ಶನದ ಅಂದಾಜು ಮುಂದಿನ ಕೆಲಸದ ಗುಣಮಟ್ಟಕ್ಕೆ ಪೂರ್ತಿ ತಾಳೆಯಾದರೆ 1 ಎಂದಿಟ್ಟುಕೊಳ್ಳಿ. ಬಾಯಿಗೆ ಬಂದದ್ದನ್ನು ಕೇಳುವ ಸಂದರ್ಶನಕ್ಕೆ ಸಿಕ್ಕಿದ್ದು 0.19, ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಳತೆ ಇಟ್ಟದ್ದಕ್ಕೆ 0.42. ಬರೀ ಹರಟೆಯ ಸಂದರ್ಶನ ದುರ್ಬಲವೆಂದಾಯಿತು; ಕೈಗೆ ಕೆಲಸ ಕೊಟ್ಟು ನೋಡಿದ್ದಕ್ಕೆ ಸಾಕ್ಷಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನದು. ಗೈರುಹಾಜರಿ, ಜಗಳಗಳಿಗೆ ಕುಖ್ಯಾತವಾಗಿದ್ದ ಅಲ್ಲಿನ ಜನರಲ್ ಮೋಟಾರ್ಸ್ ಕಾರ್ಖಾನೆ 1982ರಲ್ಲಿ ಮುಚ್ಚಿತು. ಟೊಯೋಟ ಜೊತೆ ಸೇರಿ 1984ರಲ್ಲಿ ‘ನುಮ್ಮಿ’ ಹೆಸರಿನಲ್ಲಿ ಮತ್ತೆ ತೆರೆದಾಗ ತುಂಬಿಕೊಂಡದ್ದು ಬಹುಪಾಲು ಅದೇ ಕಾರ್ಮಿಕರನ್ನು. ತಯಾರಿಕೆಯ ಅಣಕು ಕೆಲಸ, ಗುಂಪು ಚರ್ಚೆ, ಲಿಖಿತ ಪರೀಕ್ಷೆ ಎಂದು ಮೂರು ದಿನ ಅವರನ್ನು ಒರೆಗೆ ಹಚ್ಚಿದರು. ತಿರಸ್ಕೃತರಾದವರು ತೀರಾ ಕಡಿಮೆ. 1986ರ ಕೊನೆಗೆ ಉತ್ಪಾದಕತೆಯಲ್ಲಿ ಜನರಲ್ ಮೋಟಾರ್ಸ್‌ನ ಬೇರಾವ ಘಟಕವೂ ಅದರ ಸಮಕ್ಕೆ ಬರಲಿಲ್ಲ. ‘ಮನೋಭಾವ ಸರಿಯಿಲ್ಲ’ ಎಂದು ಇಪ್ಪತ್ತು ನಿಮಿಷದಲ್ಲಿ ಷರಾ ಬರೆಯುವವರು ಈ ಕತೆಯನ್ನು ಓದಬೇಕು.

ಫ್ರೀಮಾಂಟ್‌ನವರು ಪಳಗಿದ ಕೈಗಳು, ಹೊಸಬರಿಗೆ ಈ ಮಾತು ಸಲ್ಲದು ಎನ್ನಬಹುದು. ಆದರೆ ಬಿಡದಿಯಲ್ಲಿ ಟೊಯೋಟದ ತಾಂತ್ರಿಕ ತರಬೇತಿ ಸಂಸ್ಥೆ 2007ರಿಂದ ಹಳ್ಳಿಯ ಎಸ್ಸೆಸ್ಸೆಲ್ಸಿ ಪಾಸಾದವರನ್ನು ತಂದು, ಮೂರು ವರ್ಷ ಅಲ್ಲೇ ಇರಿಸಿಕೊಂಡು ಕಲಿಸುತ್ತಿದೆ. ಕುಶಲತೆ ಕಲಿಸಿದರೆ ಬರುತ್ತದೆಂಬುದು ಕಂಪನಿಗಳಿಗೆ ಗೊತ್ತಿರುವ ವಿಷಯವೇ.

ಸಾವಿರಾರು ಅರ್ಜಿ ಬಂದಾಗ ಎಲ್ಲರ ಕೈಗೂ ಸ್ಪ್ಯಾನರ್ ಕೊಡಲಾದೀತೇ ಎಂಬುದು ಇನ್ನೊಂದು ಆಕ್ಷೇಪ. ಎಲ್ಲರಿಗೂ ಬೇಡ. 1980ರ ದಶಕದ ಕೊನೆಯಲ್ಲಿ ಟೊಯೋಟದ ಕೆಂಟಕಿ ಕಾರ್ಖಾನೆಯ ಸುಮಾರು 3,000 ಹುದ್ದೆಗಳಿಗೆ ಲಕ್ಷ ಮೀರಿ ಅರ್ಜಿ ಬಂದಿದ್ದವು. ಪರೀಕ್ಷೆಗಳಲ್ಲಿ ಜರಡಿ ಹಿಡಿದು, ಉಳಿದವರಿಗೆ ಅಣಕು ಜೋಡಣೆಯ ಕೆಲಸ ಕೊಟ್ಟು ನೋಡಿದ್ದರು. ಇನ್ನು ಇಂಗ್ಲಿಷಿನ ವಾದ: ವಿದೇಶಿ ಗ್ರಾಹಕರೊಡನೆ ದಿನವೂ ಮಾತಾಡಬೇಕಾದ ವಿನ್ಯಾಸ ವಿಭಾಗಕ್ಕೆ ಅದು ಒಪ್ಪತಕ್ಕದ್ದೇ. ಬೋಲ್ಟನ್ನು ಹೇಳಿದಷ್ಟೇ ಬಿಗಿದು ಟಾರ್ಕ್ ವ್ರೆಂಚ್ ‘ಟಕ್’ ಎಂದಾಗ ನಿಲ್ಲಿಸುವ ಕೆಲಸಕ್ಕೆ ಅದೇಕೆ?

ಬಿಡದಿ, ನರಸಾಪುರ, ಧಾರವಾಡದ ನೇಮಕಾತಿ ಅಧಿಕಾರಿಗಳು ಮುಂದಿನ ಸಲ ಸಂದರ್ಶನದ ಕೋಣೆಯಲ್ಲಿ ಒಂದು ಡ್ರಾಯಿಂಗ್, ಒಂದು ವ್ರೆಂಚ್, ನಾಲ್ಕು ಬಿಡಿಭಾಗ ಇಟ್ಟು, ‘ಇದನ್ನು ಜೋಡಿಸಿ ತೋರಿಸಿ’ ಎಂದು ಕನ್ನಡದಲ್ಲೇ ಕೇಳಲಿ.