ಗಾಳಿಯಂತ್ರಕ್ಕೆ ಲಗಾಮು

ಬೈಲಹೊಂಗಲ, ಕಿತ್ತೂರು ಕಡೆಯಿಂದ ಯಲ್ಲಮ್ಮನ ಗುಡ್ಡಕ್ಕೆ ಹೋಗುವವರು ಸವದತ್ತಿ ಭಾಗದ ಗುಡ್ಡಗಳ ಮೇಲೆ ಎತ್ತರದ ಗಾಳಿಯಂತ್ರಗಳನ್ನು ನೋಡಿರುತ್ತಾರೆ. ರಾಮದುರ್ಗದ ಕಡೆಗೂ ಇವು ಇವೆ. ನಮ್ಮ ಜನ ಇವನ್ನು ಫ್ಯಾನು ಎನ್ನುತ್ತಾರೆ. ಆದರೆ ಫ್ಯಾನು ಕರೆಂಟು ತಿಂದು ಗಾಳಿ ಕೊಟ್ಟರೆ, ಇದು ಗಾಳಿ ತಿಂದು ಕರೆಂಟು ಕೊಡುತ್ತದೆ. ಆಷಾಢದ ಗಾಳಿ ಜೋರಾದರೂ ರೆಕ್ಕೆಗಳು ಇನ್ನಷ್ಟು ಜೋರಾಗಿ ತಿರುಗುವುದಿಲ್ಲ, ಒಮ್ಮೊಮ್ಮೆ ನಿಂತೇ ಬಿಡುತ್ತವೆ, ಯಂತ್ರ ಕೆಟ್ಟಿದೆಯೇ ಎಂದು ರೈತರು ಕೇಳುವುದುಂಟು. ಹಾಗೆ ನಿಂತ ಯಂತ್ರವೆಲ್ಲ ಕೆಟ್ಟದ್ದೆಂದು ತಿಳಿಯಬೇಕಾಗಿಲ್ಲ.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟಾಗುತ್ತದೆ. ಸೆಕೆಂಡಿಗೆ 6 ಮೀಟರ್ ವೇಗದ ಗಾಳಿಯಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 130 ವ್ಯಾಟ್ ಶಕ್ತಿ ಇದ್ದರೆ, 12 ಮೀಟರ್ ವೇಗದಲ್ಲಿ ಅದು ಸಾವಿರ ವ್ಯಾಟ್ ಮೀರುತ್ತದೆ. ಇದರಲ್ಲಿ ಶೇಕಡಾ 59ಕ್ಕಿಂತ ಹೆಚ್ಚನ್ನು ಇಂಥ ಯಂತ್ರ ಹೀರಲಾರದೆಂದು ಜರ್ಮನಿಯ ಬೆಟ್ಜ್ 1920ರಲ್ಲಿ ತೋರಿಸಿದರು. ಹೀಗೆ ಕಾರಣ ಮತ್ತು ಪರಿಣಾಮ ಒಂದೇ ಅಳತೆಯಲ್ಲಿ ಏರದಿರುವುದಕ್ಕೆ ಅರೇಖೀಯ ಸಂಬಂಧ ಎಂದು ಹೆಸರು. ಮಂದಗಾಳಿಗೆ ಹೊಂದಿಸಿದ ಹದ ಬಿರುಗಾಳಿಗೆ ಹೊಂದದು. ತೊಡಕೆಲ್ಲ ಇಲ್ಲಿಯೇ ಇದೆ.

ಯಂತ್ರಕ್ಕೆ ಮುಖ್ಯವಾಗಿ ಎರಡು ಲಗಾಮುಗಳಿವೆ. ಒಂದು ವಿದ್ಯುಜ್ಜನಕದ ಎಳೆತ, ಇನ್ನೊಂದು ರೆಕ್ಕೆಯ ಓರೆ. ಗಾಳಿ ಮಂದವಿದ್ದಾಗ ಎಳೆತವನ್ನು ಹೆಚ್ಚುಕಡಿಮೆ ಮಾಡಿ, ರೆಕ್ಕೆಯ ತುದಿ ಗಾಳಿಗಿಂತ ಏಳೆಂಟು ಪಟ್ಟು ವೇಗದಲ್ಲಿ ಓಡುವಂತೆ ನೋಡಿಕೊಳ್ಳಲಾಗುತ್ತದೆ. ಅದೇ ಹೆಚ್ಚು ಇಳುವರಿಯ ಹದ. ಸಾಮರ್ಥ್ಯದ ಮಟ್ಟ ತಲುಪಿದ ಮೇಲೆ ರೆಕ್ಕೆಯನ್ನು ಓರೆ ಮಾಡಿ ಹೆಚ್ಚಿನ ಗಾಳಿಯನ್ನು ಬಿಟ್ಟುಕೊಡಲಾಗುತ್ತದೆ. ನಿಧಾನ ತಿರುಗುವಂತೆ ಕಾಣುವುದು ಕಣ್ಣಿನ ಭ್ರಮೆ. 80 ಮೀಟರ್ ವ್ಯಾಸದ ಚಕ್ರ ನಿಮಿಷಕ್ಕೆ 16 ಸುತ್ತು ತಿರುಗಿದರೆ ರೆಕ್ಕೆಯ ತುದಿಯ ವೇಗ ಗಂಟೆಗೆ ಸುಮಾರು 240 ಕಿಲೋಮೀಟರ್!

ಈ ಲಗಾಮು ಹಿಡಿಯುವ ಹೊಸ ವಿಧಾನಗಳಲ್ಲಿ ಒಂದನ್ನು ಕೂರಿಗೆ ಹೊಡೆದವರು ಸುಲಭವಾಗಿ ತಿಳಿಯಬಲ್ಲರು. ಸಾಲು ಎಡಕ್ಕೆ ಸರಿದರೆ ಬಲಕ್ಕೆ ಜಗ್ಗುತ್ತೇವೆ, ಬಲಕ್ಕೆ ಸರಿದರೆ ಎಡಕ್ಕೆ. ನೆಲ ಗಟ್ಟಿಯೋ ಮೆದುವೋ ಎಂದು ಲೆಕ್ಕ ಹಾಕುತ್ತ ಕೂಡುವುದಿಲ್ಲ, ಸಾಲು ಬಿಡದಿದ್ದರೆ ಸಾಕು. ಸೋವಿಯತ್ ದೇಶದಲ್ಲಿ ಎಮೆಲ್ಯಾನೊವ್, ಉಟ್ಕಿನ್ ಮೊದಲಾದವರು ಬೆಳೆಸಿದ 'ಜಾರುವ ನಿಯಂತ್ರಣ' ಇದೇ ಬಗೆಯದು. ಗಾಳಿಯ ಲೆಕ್ಕ ಸ್ವಲ್ಪ ತಪ್ಪಿದರೂ ಇದು ಕೆಲಸ ಮಾಡುತ್ತದೆ. ಆದರೆ ಗಳಿಗೆಗೊಮ್ಮೆ ಹಗ್ಗ ಜಗ್ಗಿದರೆ ಎತ್ತು ಬೆದರುವಂತೆ, ಇಲ್ಲಿಯೂ ಗೇರು ಮತ್ತು ದಂಡ ನಡುಗಿ ಸವೆಯುತ್ತವೆ. ಆದ್ದರಿಂದ ಸಾಲಿನ ಎರಡೂ ಬದಿಗೆ ತುಸು ಸಡಿಲು ಬಿಡುತ್ತಾರೆ. ಕಾಗದದ ಮೇಲೆ ಇಂಥ ವಿಧಾನಗಳು ಬಹಳ ಚೆಂದ. ಗುಡ್ಡದ ಮೇಲೆ ಮಾತ್ರ, ಗಾಳಿಗೆ ತಕ್ಕಂತೆ ಹದ ಬದಲಿಸುವ ಹಳೆಯ ಸರಳ ಕ್ರಮವೇ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ನಿಯಂತ್ರಣದ ನಿಜವಾದ ಪರೀಕ್ಷೆ ಕರೆಂಟಿನ ಮಾರ್ಗ ದಿಢೀರನೆ ಕಡಿದಾಗ. ಕಪಿಲೆ ಹೊಡೆಯುವಾಗ ಹಗ್ಗ ಹರಿದರೆ ಎತ್ತುಗಳು ಮುಗ್ಗರಿಸಿ ಓಡುವುದನ್ನು ಹಿರಿಯರು ಬಲ್ಲರು. ಹಾಗೆಯೇ ಎಳೆತ ತಪ್ಪಿದ ರೆಕ್ಕೆಗಳು ಓಟ ಹಿಡಿಯುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಅವುಗಳ ಅಂಚನ್ನು ಗಾಳಿಗೆ ತಿರುಗಿಸಬೇಕು, ಇಲ್ಲವಾದರೆ ಯಂತ್ರ ಮುರಿದು ಬಿದ್ದೀತು. ಕರೆಂಟು ಇಲ್ಲದಾಗಲೂ ಈ ಕೆಲಸ ನಡೆಯಲೆಂದು ಯಂತ್ರದೊಳಗೆ ಬ್ಯಾಟರಿಯನ್ನೋ ಒತ್ತಡದ ಎಣ್ಣೆಯನ್ನೋ ಸಿದ್ಧವಾಗಿಟ್ಟಿರುತ್ತಾರೆ.

ಗಾಳಿ ಸೆಕೆಂಡಿಗೆ ಸುಮಾರು 25 ಮೀಟರ್ ಮುಟ್ಟಿದರೆ ಸಾಮಾನ್ಯವಾಗಿ ಯಂತ್ರ ತಾನೇ ನಿಲ್ಲುತ್ತದೆ. ಗಾಳಿಯ ದಿಕ್ಕಿಗೆ ತಿರುಗಿ ತಿರುಗಿ ಕಂಬದೊಳಗಿನ ತಂತಿ ಹುರಿಗೊಂಡಾಗಲೂ, ಅದನ್ನು ಬಿಚ್ಚಿಕೊಳ್ಳಲು ನಿಲ್ಲುವುದುಂಟು. ನಿಂತ ಯಂತ್ರ ಯಾರೂ ಬಾರದೆಯೇ ಮತ್ತೆ ಹೊರಡುತ್ತದೆ. ಹೊಲದಲ್ಲಿ ಇಂಥ ಕಂಬವಿರುವವರು ಅದರ ಬುಡದಲ್ಲಿ ದನ ಕಟ್ಟಬಾರದು. ಗುಡುಗು ಮಿಂಚಿನ ಹೊತ್ತಿನಲ್ಲಿ ಅಲ್ಲಿ ಆಸರೆ ಪಡೆಯಬಾರದು. ವಿಪರೀತ ಸದ್ದು ಅಥವಾ ಹೊಗೆ ಕಂಡರೆ ದೂರ ಸರಿದು, ಯಂತ್ರ ನೋಡಿಕೊಳ್ಳುವ ಸಿಬ್ಬಂದಿಗೆ ಕೂಡಲೇ ತಿಳಿಸಬೇಕು.