ಹಿರೇಬೇನೆಯ ವೈರಸ್ಸು ಮತ್ತು ಕಡ ತಂದ ಫಾಸ್ಫೇಟು

ಜೋಳದ ಕೊಯ್ಲು ಮುಗಿದ ಮೇಲೆ ಬೈಲಹೊಂಗಲದ ಎರೆಹೊಲಗಳಲ್ಲಿ, ಸವದತ್ತಿ, ರಾಮದುರ್ಗದ ಬಯಲಿನಲ್ಲಿ ಕುರಿ ತರುಬುವುದು ಹಳೆಯ ವಾಡಿಕೆ. ರಾತ್ರಿ ಮಂದೆ ನಿಂತರೆ ರೈತನಿಗೆ ಗೊಬ್ಬರ, ಕುರಿಗಾರನಿಗೆ ಒಂದಿಷ್ಟು ಕಾಳೋ ಕಾಸೋ. ಊರೂರು ಸುತ್ತುವ ಮಂದೆಗಳು ಎದುರಾಗುವ ಕಡೆ ರೋಗಕ್ಕೂ ದಾರಿ ಸಲೀಸು. ಅಂಥ ರೋಗಗಳಲ್ಲಿ ಪಿಪಿಆರ್ ಕೆಟ್ಟದ್ದು. ಹಿರೇಬೇನೆ ಅಂತಲೂ ಅನ್ನುತ್ತಾರೆ. ಜ್ವರ ಬರುತ್ತದೆ, ಮೂಗು-ಕಣ್ಣು ಸೋರುತ್ತವೆ, ಬಾಯಿ ಹುಣ್ಣಾಗುತ್ತದೆ, ಆಮೇಲೆ ಭೇದಿ. ಎಳೆಯ ಮರಿಗಳು ತಡೆದುಕೊಳ್ಳುವುದು ಕಷ್ಟ.

ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನ ಕುರಿಗಳಲ್ಲಿ. 1989ರಲ್ಲಿ ಅದನ್ನು ವರದಿ ಮಾಡಿದ ತಂಡದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎಸ್. ಶೈಲಾ ಇದ್ದರು. ಇದರ ಹತ್ತಿರದ ನೆಂಟನಾದ ರಿಂಡರ್‌ಪೆಸ್ಟ್, ಅಂದರೆ ಹಿಂದೆ ದನಗಳನ್ನು ಹಿಂಡುಗಟ್ಟಲೆ ಕೊಂದ ದೊಡ್ಡರೋಗ, 2011ರಲ್ಲಿ ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಣೆಯಾಯಿತು. ಸಿಡುಬಿನ ನಂತರ ಆ ಭಾಗ್ಯ ಕಂಡ ರೋಗ ಅದೊಂದೇ. ಹಾಗೆ ಹೋಗುವ ಮುನ್ನ ಅದು ಶೈಲಾ ಅವರ ಪ್ರಯೋಗಾಲಯದಲ್ಲಿ ತನ್ನ ಒಂದು ಗುಟ್ಟು ಬಿಟ್ಟುಕೊಟ್ಟಿತ್ತು.

ಪಿಪಿಆರ್, ರಿಂಡರ್‌ಪೆಸ್ಟ್ ಎರಡೂ ವೈರಸ್ಸುಗಳ ಬಂಡವಾಳ ತೀರ ಸಣ್ಣದು: ಸುಮಾರು 16,000 ಅಕ್ಷರಗಳ ಆರ್‌ಎನ್‌ಎ, ಆರು ಜೀನುಗಳು. ಆರ್‌ಎನ್‌ಎ ಎಳೆಯ ಉದ್ದಕ್ಕೂ ಎನ್ ಎಂಬ ಪ್ರೋಟೀನು ಹೊದ್ದುಕೊಂಡಿರುತ್ತದೆ. ಪ್ರತಿ ತೆಗೆಯುವ ಕೆಲಸ ಎಲ್ ಎಂಬ ದೊಡ್ಡ ಪ್ರೋಟೀನಿನದು. ಆದರೆ ಎಲ್ ತಾನೇ ಹೋಗಿ ಎಳೆಯನ್ನು ಹಿಡಿಯಲಾರದು. ಎತ್ತಿನ ಕೊರಳನ್ನು ನೊಗಕ್ಕೆ ಕೂಡಿಸುವ ಜತ್ತಿಗೆಯಂತೆ ಎರಡನ್ನೂ ಕೂಡಿಸುವುದು ಪಿ ಎಂಬ ಮೂರನೆಯದು. ರಿಂಡರ್‌ಪೆಸ್ಟಿನ ಪಿ 507 ಅಮೈನೊ ಆಮ್ಲಗಳ ಸರಪಳಿ. ಅದರ ಮುಂಭಾಗ ನಿಶ್ಚಿತ ಆಕಾರವಿಲ್ಲದೆ ಸಡಿಲಾಗಿ ಆಡುತ್ತಿರುತ್ತದೆ. ನಮ್ಮ ಕಥೆ ನಡೆಯುವುದು ಆ ಸಡಿಲ ಭಾಗದಲ್ಲೇ.

ಕೋಶದೊಳಗೆ ಕೈನೇಸ್ ಎಂಬ ಕಿಣ್ವಗಳಿವೆ. ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವಿನಿಂದ ಒಂದು ಫಾಸ್ಫೇಟು ಕಿತ್ತು ಪ್ರೋಟೀನಿಗೆ ಅಂಟಿಸುವುದು ಅವುಗಳ ಕಸುಬು. ಫಾಸ್ಫೇಟು ಚಿಕ್ಕದಾದರೂ ಬಲವಾದ ಋಣ ವಿದ್ಯುದಂಶ ಹೊತ್ತಿರುತ್ತದೆ. ಅದು ಕೂತ ಜಾಗದಲ್ಲಿ ಪ್ರೋಟೀನಿನ ಮೈ ಹೊರಳುತ್ತದೆ, ಯಾರ ಜೊತೆ ಕೂಡಬೇಕು ಎಂಬುದೂ ಬದಲಾಗುತ್ತದೆ. ಈ ವೈರಸ್ಸುಗಳ ಆರು ಜೀನುಗಳಲ್ಲಿ ಕೋಶದ ಕೈನೇಸ್‌ಗಳಂಥದ್ದು ಒಂದೂ ಇಲ್ಲ. ಆದ್ದರಿಂದ ಪಿಗೆ ಫಾಸ್ಫೇಟು ಕೂರಿಸಲು ಅವು ತಾವು ಹೊಕ್ಕ ಕೋಶದ್ದನ್ನೇ ಬಳಸಿಕೊಳ್ಳುತ್ತವೆ, ಮುಖ್ಯವಾಗಿ ಕೇಸಿನ್ ಕೈನೇಸ್-2 ಎಂಬುದನ್ನು. (ಹಾಲಿನ ಕೇಸಿನ್‌ಗೂ ಈ ಕಿಣ್ವಕ್ಕೂ ಮೈಯೊಳಗೆ ಅಂಥ ನಂಟೇನಿಲ್ಲ. ಪ್ರಯೋಗಾಲಯದಲ್ಲಿ ಕೈಗೆ ಸುಲಭವಾಗಿ ಸಿಗುತ್ತಿದ್ದ ಪ್ರೋಟೀನು ಕೇಸಿನ್, ಅದರ ಮೇಲೆ ಪರೀಕ್ಷೆ ಮಾಡಿದರು, ಹೆಸರು ಉಳಿಯಿತು.)

ಶೈಲಾ ಅವರ ತಂಡ 2004ರಲ್ಲಿ ಪ್ರಕಟಿಸಿದ ಕೆಲಸ ರಿಂಡರ್‌ಪೆಸ್ಟಿನಲ್ಲಿ ಈ ಫಾಸ್ಫೇಟಿನ ಪಾತ್ರವನ್ನು ನೇರವಾಗಿ ಪರೀಕ್ಷಿಸಿತು. ಪಿ ಸರಪಳಿಯಲ್ಲಿ ಕೇಸಿನ್ ಕೈನೇಸ್-2 ಫಾಸ್ಫೇಟು ಕೂರಿಸುವುದು 49, 88, 151ನೇ ಸ್ಥಾನಗಳ ಸೀರಿನ್ ಎಂಬ ಅಮೈನೊ ಆಮ್ಲಗಳ ಮೇಲೆ ಎಂದು ಕಂಡಿತು. ಸೀರಿನ್ ತೆಗೆದು ಅಲ್ಲಿ ಅಲನೈನ್ ಎಂಬ ಇನ್ನೊಂದು ಅಮೈನೊ ಆಮ್ಲ ಇಟ್ಟರೆ ಫಾಸ್ಫೇಟಿಗೆ ಅಂಟಿಕೊಳ್ಳಲು ಕೊಂಡಿಯೇ ಇರುವುದಿಲ್ಲ. ಹೀಗೆ ಬದಲಿಸಿದ ಪಿಯನ್ನು ವೈರಸ್ಸಿನ ಪುಟ್ಟ ನಕಲು ಜೀನೋಮಿನ ಜೊತೆ ಕೋಶಕ್ಕೆ ಸೇರಿಸಿ ನೋಡಿದರು. ಪ್ರತಿ ತೆಗೆಯುವ ಕೆಲಸ ಕುಸಿಯಿತು. ಎಲ್ ಇತ್ತು, ಎನ್ ಇತ್ತು, ಪಿ ಕೂಡ ಇತ್ತು. ಇಲ್ಲದಿದ್ದುದು ಫಾಸ್ಫೇಟು ಮಾತ್ರ.

ಫಾಸ್ಫೇಟು ಕೂತರೆ ಯಂತ್ರ ಶುರು, ಬಿದ್ದರೆ ಬಂದ್ ಎಂದು ಇಲ್ಲಿಗೇ ಮುಗಿಸಿಬಿಡುವ ಆಸೆ ಯಾರಿಗಾದರೂ ಆದೀತು. ನನಗೆ ಆ ಸರಳ ಚಿತ್ರದ ಮೇಲೆ ನಂಬಿಕೆಯಿಲ್ಲ. ಅದೇ ಬಳಗದ ದಡಾರದ ವೈರಸ್ಸಿನಲ್ಲಿ 86 ಮತ್ತು 151ನೇ ಸೀರಿನ್‌ಗಳ ಫಾಸ್ಫೇಟು ಕೆಲಸವನ್ನು ತಗ್ಗಿಸುತ್ತದೆ ಎಂದು ಜಪಾನಿನ ಸಂಶೋಧಕರು ತೋರಿಸಿದ್ದಾರೆ. 1965ರಲ್ಲಿ ನಾಗಪುರದ ಬಳಿ ಸಿಕ್ಕ ಚಾಂದಿಪುರ ವೈರಸ್ಸಿನ ಕಥೆ ಇನ್ನೂ ಸೊಗಸು. ಕೋಲ್ಕತ್ತದ ಸಂಶೋಧಕರ ಪ್ರಕಾರ ಅಲ್ಲಿ ಫಾಸ್ಫೇಟು ಇರುವ ಪಿ, ಪ್ರೋಟೀನು ತಯಾರಿಸಲು ಬೇಕಾದ ಸಂದೇಶಗಳನ್ನು ಬರೆಸಿದರೆ, ಫಾಸ್ಫೇಟು ಇಲ್ಲದ ಪಿ ಇಡೀ ಜೀನೋಮಿನ ಪ್ರತಿ ತೆಗೆಸುವ ಕಡೆ ವಾಲುತ್ತದೆ. ಅಂದರೆ ವೈರಸ್ಸಿಗೆ ಎರಡೂ ಬೇಕು, ಹೊತ್ತು ನೋಡಿ ಬೇಕು. ಯಾವ ಸೀರಿನ್, ಯಾವ ಕೈನೇಸ್, ಸೋಂಕಿನ ಯಾವ ಹಂತ ಎಂಬುದರ ಮೇಲೆ ಫಲ ತಿರುಗಿ ಬೀಳುತ್ತದೆ.

ಹಾಗಾದರೆ ಕೈನೇಸನ್ನೇ ತಡೆಯುವ ಔಷಧಿ ಕುರಿಗೆ ಕೊಡಬಹುದಲ್ಲ? ತೊಡಕಿರುವುದು ಅಲ್ಲೇ. ಕೇಸಿನ್ ಕೈನೇಸ್-2 ಕೋಶದ ನೂರಾರು ಪ್ರೋಟೀನುಗಳನ್ನು ನೋಡಿಕೊಳ್ಳುತ್ತದೆ. ಅದನ್ನು ಪೂರ್ತಿ ಕಟ್ಟಿಹಾಕಿದರೆ ವೈರಸ್ಸಿಗಿಂತ ಮೊದಲು ಕುರಿಗೇ ಕಷ್ಟ. ಪಿಪಿಆರ್ ಮಟ್ಟಿಗೆ ಕೈಯಲ್ಲಿರುವುದು ಲಸಿಕೆ. ಮುಕ್ತೇಶ್ವರದಲ್ಲಿ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ರೂಪಿಸಿದ ಸುಂಗ್ರಿ-96 ಒಂದೇ ಚುಚ್ಚಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. 2030ರೊಳಗೆ ಈ ರೋಗವನ್ನೂ ದೊಡ್ಡರೋಗದ ದಾರಿ ಹಿಡಿಸಬೇಕೆಂಬುದು ಜಾಗತಿಕ ಗುರಿ. ಆದರೆ ಸುಂಗ್ರಿ-96 ಜೀವಂತ ಲಸಿಕೆ, ತಂಪಿನಲ್ಲೇ ಇಟ್ಟು ತರಬೇಕು. ಕಿತ್ತೂರಿನ ಮಳೆಸೀಮೆಗೂ ರಾಮದುರ್ಗದ ಬಿಸಿಲಿಗೂ ನಡುವೆ ಮಂದೆ ಇವತ್ತು ಯಾವ ಹೊಲದಲ್ಲಿ ತರುಬಿದೆ ಎಂದು ಹುಡುಕಿಕೊಂಡು ಐಸಿನ ಡಬ್ಬಿ ಹಿಡಿದು ಹೋಗಬೇಕು, ಈ ವರ್ಷ ಹುಟ್ಟಿದ ಮರಿಗಳಿಗೆ ಮತ್ತೆ ಹೋಗಬೇಕು.