ಮೇಸ್ತ್ರಿ, ಮಾಸ್ತರ: ಒಂದೇ ತಾಯಿಯ ಮಕ್ಕಳು

ಕುಂದಾಪುರದ ಸೀಮೆಯಲ್ಲಿ, ಶಂಕರನಾರಾಯಣದ ಸುತ್ತಣ ಹಳ್ಳಿಗಳಲ್ಲಿ, ಮನೆ ಕಟ್ಟಿಸಬೇಕೆಂದವರು ಮೊದಲು ಮೇಸ್ತ್ರಿಗೆ ಹೇಳಿಕಳುಹಿಸುತ್ತಾರೆ. ಮಗುವಿಗೆ ಅಕ್ಷರ ಕಲಿಸಬೇಕೆಂದವರು ಮಾಸ್ತರರನ್ನು ಕಾಣುತ್ತಾರೆ. ಆಡುಮಾತಿನಲ್ಲಿ ಅವರೇ ಮಾಷ್ಟ್ರು. ಒಬ್ಬನ ಕೈಯಲ್ಲಿ ಕರಣೆ, ಇನ್ನೊಬ್ಬರ ಕೈಯಲ್ಲಿ ಸೀಮೆಸುಣ್ಣ. ಈ ಎರಡು ಹೆಸರುಗಳೂ ಒಂದೇ ತಾಯಿಯ ಮಕ್ಕಳೆಂಬುದು ಅನೇಕರ ಗಮನಕ್ಕೆ ಬಂದಿರಲಾರದು.

ಪ್ರಾಚೀನ ರೋಮಿನವರ ಲ್ಯಾಟಿನ್ ಭಾಷೆಯ ‘ಮ್ಯಾಗಿಸ್ಟರ್’ ಎಂಬುದೇ ಆ ತಾಯಿ. ‘ಹೆಚ್ಚು’ ಎಂಬರ್ಥದ ‘ಮ್ಯಾಗಿಸ್’ ಎಂಬುದರಿಂದ ಹುಟ್ಟಿದ ಈ ಪದಕ್ಕೆ ಮಿಗಿಲಾದವನು, ಮುಂದೆ ನಿಂತು ನಡೆಸುವವನು, ಕಲಿಸುವವನು ಎಂದರ್ಥ. ಅದು ಪೋರ್ಚುಗೀಸರ ನಾಲಗೆಯಲ್ಲಿ ‘ಮೆಸ್ತ್ರೆ’ ಎಂದಾಗಿ ಹಡಗಿನಲ್ಲಿ ಬಂದು ನಮ್ಮ ಮೇಸ್ತ್ರಿಯಾಯಿತು. ಇಂಗ್ಲಿಷಿನ ‘ಮಾಸ್ಟರ್’ ಆಗಿ ಶಾಲೆಯ ಮೂಲಕ ಬಂದು ಮಾಸ್ತರ ಎನಿಸಿತು. ಮ್ಯಾಜಿಸ್ಟ್ರೇಟ್, ಮಿಸ್ಟರ್, ಮಕ್ಕಳು ಶಿಕ್ಷಕಿಯರನ್ನು ಕರೆಯುವ ‘ಮಿಸ್’ ಇವೆಲ್ಲ ಅದೇ ಬಳ್ಳಿಯ ಕಾಯಿಗಳು.

ಒಡೆಯನೆಂಬುದಕ್ಕೆ ಲ್ಯಾಟಿನ್ನಿನಲ್ಲಿ ಬೇರೆಯೇ ಪದವುಂಟು: ‘ಡೊಮಿನುಸ್’. ‘ಡೊಮುಸ್’ ಎಂದರೆ ಮನೆ, ಡೊಮಿನುಸ್ ಎಂದರೆ ಮನೆಯ ಯಜಮಾನ. ನಮ್ಮ ‘ದಂಪತಿ’ ಶಬ್ದದ ‘ದಂ’ ಎಂಬುದೂ ಮನೆಯನ್ನೇ ಸೂಚಿಸುವ ಸೋದರ ಶಬ್ದವೆಂದು ಭಾಷಾಶಾಸ್ತ್ರಜ್ಞರು ತಿಳಿಸುತ್ತಾರೆ. ವೇದಭಾಷೆಯಲ್ಲಿ ದಂಪತಿಯೆಂದರೆ ಮನೆಯೊಡೆಯ. ದ್ವಿವಚನದಲ್ಲಿ ಅದೇ ಪದ ಸತಿಪತಿಗಳಿಬ್ಬರನ್ನೂ ಹೇಳುತ್ತದೆ. ಯಜಮಾನಿಕೆಯಲ್ಲಿ ಇಬ್ಬರಿಗೂ ಪಾಲುಂಟೆಂಬುದು ಗೃಹಸ್ಥರು ನೆನೆಯತಕ್ಕ ಮಾತು.

ಆದರೆ ಡೊಮಿನುಸನ ಅಧಿಕಾರ ಹೊಸ್ತಿಲು ದಾಟಿ ಹೊಲಗದ್ದೆಗಳ ಮೇಲೂ ಆಳುಗಳ ಮೇಲೂ ಹಬ್ಬಿತು. ರೋಮಿನ ನ್ಯಾಯಶಾಸ್ತ್ರದಲ್ಲಿ ಆಸ್ತಿಯ ಪೂರ್ಣ ಒಡೆತನಕ್ಕೆ ‘ಡೊಮಿನಿಯುಮ್’ ಎಂದೇ ಹೆಸರು. ಇಂಗ್ಲಿಷಿನ ಡೊಮೇನ್, ಡೊಮಿನಿಯನ್, ಡಾಮಿನೇಟ್ ಎಂಬವು ಅದರ ಸಂತತಿ. 1947ರ ಆಗಸ್ಟ್ 15ರಿಂದ 1950ರ ಜನವರಿ 26ರಂದು ಗಣರಾಜ್ಯವಾಗುವವರೆಗೆ ನಮ್ಮ ದೇಶವೂ ಕಾಯಿದೆಯ ಪ್ರಕಾರ ಡೊಮಿನಿಯನ್ ಆಗಿತ್ತು. ‘ಮೇಡಂ’ ಎಂಬುದರ ಮೂಲಾರ್ಥ ‘ನನ್ನ ಒಡತಿ’. ವಿಚಿತ್ರವೆಂದರೆ ಅಪಾಯವನ್ನು ಹೇಳುವ ‘ಡೇಂಜರ್’ ಕೂಡ ಇದೇ ಮನೆತನದ್ದು. ಒಡೆಯನ ಅಧಿಕಾರವೆಂಬುದು ಅದರ ಹಳೆಯ ಅರ್ಥ. ಅಂಥವನ ಕೈಗೆ ಸಿಕ್ಕವನ ಪಾಡು ಏನೆಂಬುದನ್ನು ಜನರು ಅನುಭವದಿಂದ ಅರಿತಿದ್ದರೆಂದು ಕಾಣುತ್ತದೆ!

ಇವೆರಡು ಬಗೆಯ ಹಿರಿತನವನ್ನೂ ನಮ್ಮ ಕರಾವಳಿ ಕಂಡಿದೆ. ಪೋರ್ಚುಗೀಸರು 1569ರ ಸುಮಾರಿಗೆ ಬಸರೂರಿನ ಕಡೆ ನೆಲೆಯೂರಿ ಕೋಟೆ ಕಟ್ಟಿದರು. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಕೆಳದಿಯ ಶಿವಪ್ಪನಾಯಕನು ಅವರನ್ನು ಈ ತೀರದ ಕೋಟೆಗಳಿಂದ ಹೊರಗಟ್ಟಿದನು. ಅವರ ದೊರೆತನ ಅಳಿಯಿತು. ಮೇಸ್ತ್ರಿ ಎಂಬ ಮಾತು ಮಾತ್ರ ಕೆಲಸ ಬಲ್ಲವನ ಹೆಸರಾಗಿ ಉಳಿಯಿತು. ಮುಂದೆ ಬಹುಕಾಲ ಈ ಸೀಮೆಯಲ್ಲಿ ಧಣಿಗಳು, ಅವರ ಗೇಣಿ ಒಕ್ಕಲುಗಳು ಎಂಬ ವ್ಯವಸ್ಥೆ ನಡೆಯಿತು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವರೇ ನೆಲದ ಒಡೆಯರಾಗಲು ದಾರಿಯಾಯಿತು. ಭೂಮಿಯ ಮೇಲಣ ಒಡೆತನ ಕೈಯಿಂದ ಕೈಗೆ ಹೋಗತಕ್ಕದ್ದು. ಕಲಿತ ಕಸುಬನ್ನು ಕಾಯಿದೆಯಾಗಲಿ ಸೈನ್ಯವಾಗಲಿ ಕಸಿದುಕೊಳ್ಳಲಾರದು.

ಇನ್ನೊಂದು ಪದವನ್ನೂ ಇಲ್ಲಿ ಹೇಳಬೇಕು. ‘ಕಡಿಮೆ’ ಎಂಬರ್ಥದ ‘ಮಿನುಸ್’ ಎಂಬುದರಿಂದ, ಮ್ಯಾಗಿಸ್ಟರನಿಗೆ ಎದುರಾಗಿ, ‘ಮಿನಿಸ್ಟರ್’ ಹುಟ್ಟಿತು. ಕಿರಿಯನು, ಸೇವಕನು ಎಂದು ಅದರ ಅರ್ಥ. ನಮ್ಮ ಸಚಿವ ಮಹೋದಯರಿಗೆ ಇದನ್ನು ನೆನಪಿಸುವವರು ಬೇಕು.

ಬಂಧುಗಳೇ, ಈ ಲೇಖನದ ಮೊದಲಲ್ಲಿಯೇ ‘ಒಬ್ಬನ ಕೈಯಲ್ಲಿ ಕರಣೆ, ಇನ್ನೊಬ್ಬರ ಕೈಯಲ್ಲಿ ಸೀಮೆಸುಣ್ಣ’ ಎಂದು ಬರೆದುದನ್ನು ಗಮನಿಸಿದಿರಾ? ನಮ್ಮ ಎಷ್ಟೋ ಮನೆಗಳಲ್ಲಿ ರೂಢಿ ಹಾಗೆಯೇ ಇದೆ: ಮಾಸ್ತರರಿಗೆ ಬಹುವಚನ, ಕುರ್ಚಿ, ಮೇಸ್ತ್ರಿಗೆ ಏಕವಚನ, ಜಗಲಿಯ ಅಂಚು. ಹೆಸರು ಒಂದೇ, ಹೆಸರಿಗೆ ಕಾರಣವಾದ ಬಲ್ಮೆಯೂ ಒಂದೇ. ಮರ್ಯಾದೆ ಮಾತ್ರ ಎರಡು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಪೂಜೆಯ ಹೊತ್ತಿನಲ್ಲಿ ಹೇಳುವ ನಾವು ಗೋಡೆ ಕಟ್ಟುವವರ ಮುಂದೆ ಅದನ್ನು ಮರೆಯಬಾರದು. ಮಕ್ಕಳು ಇಂಗ್ಲಿಷ್ ಪುಸ್ತಕ ತೆರೆದು ‘ಮಾಸ್ಟರ್’ ಎಂದು ಓದಿದಾಗ, ಅಂಗಳದಲ್ಲಿ ದುಡಿಯುತ್ತಿರುವ ಮೇಸ್ತ್ರಿಗಳನ್ನೂ ತೋರಿಸಿರಿ. ಮಧ್ಯಾಹ್ನ ಅವರು ಕೈ ತೊಳೆದು ಬಂದಾಗ, ‘ಬನ್ನಿ, ಕುಳಿತುಕೊಳ್ಳಿ’ ಎನ್ನಲು ಆ ಮಕ್ಕಳಿಗೇ ಹೇಳಿರಿ.